ಯಾವ ಸ್ಟೇಷನ್ನಿನಲ್ಲಿ ಮನೆ?

ನನ್ನ ಮೊದಲ ಕಾದಂಬರಿಯ ವಿಮರ್ಶೆ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬಂದದ್ದು ಡೊಂಬಿವಲಿಯಿಂದ ಹೊರಡುವ ಬೆಳಗಿನ ಲೋಕಲಿನಲ್ಲಿ, ಹೆಂಗಸರ ಡಬ್ಬಿಯಲ್ಲಿ. ಪಕ್ಕದಲ್ಲಿ ಕೂತಿದ್ದ ಗೆಳತಿ ಮರಾಠಿಯವಳು, ಕನ್ನಡದ ಒಂದಕ್ಷರ ಓದಲಾರಳು. ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕಥೆ ಹೇಳು" ಅಂದಳು. ಹೇಳಿದೆ. ಲೋವರ್ ಪರೇಲಿನ ಚಾಳಿನ ಹುಡುಗಿ, ಉಡುಪಿ ಕಡೆಯ ಹುಡುಗ, ಎಂಟು ವರ್ಷದ ಪ್ರೀತಿ, ಎರಡೂ ಮನೆಯವರ ವಿರೋಧ, ಕೊನೆಗೆ ಮದುವೆ, ಹೊಸ ಫ್ಲಾಟು, ಕಿಟಕಿಯಾಚೆ ಮಳೆ. ಎಲ್ಲ ಕೇಳಿಸಿಕೊಂಡು ಅವಳು ಒಂದೇ ಪ್ರಶ್ನೆ ಹಾಕಿದಳು: "ಫ್ಲಾಟು ಯಾವ ಸ್ಟೇಷನ್ನಿನಲ್ಲಿ?"

"ಅದನ್ನು ಬರೆದಿಲ್ಲ" ಅಂದೆ. ಅವಳು ನಕ್ಕಳು. ಆ ನಗುವಿನಿಂದ ನಾನು ಇನ್ನೂ ಸುಧಾರಿಸಿಕೊಂಡಿಲ್ಲ.

ಊರಿನಲ್ಲಿ ಕೂತು ಓದುವ ನಿಮಗೆ ಈ ಪ್ರಶ್ನೆಯ ಮೊನೆ ತಟ್ಟನೆ ತಿಳಿಯಲಿಕ್ಕಿಲ್ಲ. ಮುಂಬಯಿಯಲ್ಲಿ "ಮನೆ ಎಲ್ಲಿ?" ಅಂದರೆ ಸ್ಟೇಷನ್ ಹೆಸರು ಹೇಳಬೇಕು, ಈಸ್ಟೋ ವೆಸ್ಟೋ ಹೇಳಬೇಕು. ಅಷ್ಟು ಹೇಳಿದರೆ ನಿಮ್ಮ ಸಂಬಳ, ಬೆಳಿಗ್ಗೆ ಏಳುವ ಹೊತ್ತು, ಆಫೀಸು ಬಿಟ್ಟ ಮೇಲೆ ಯಾರನ್ನಾದರೂ ಕಾಣಲು ನಿಮಗೆ ಎಷ್ಟು ನಿಮಿಷ ಉಳಿಯುತ್ತದೆ, ಇಷ್ಟೂ ಎದುರಿನವರಿಗೆ ಗೊತ್ತಾಗಿಬಿಡುತ್ತದೆ. ಪ್ರೇಮ ಕಾದಂಬರಿಗೆ ಇದಕ್ಕಿಂತ ದೊಡ್ಡ ಸಂಗತಿ ಇನ್ನೇನು ಬೇಕು? ಅದನ್ನೇ ನಾನು ಬಿಟ್ಟಿದ್ದೆ.

ಇನ್ನೊಂದು ಮಾತು ಒಪ್ಪಿಕೊಂಡೇ ಮುಂದೆ ಹೋಗಬೇಕು. ಆ ಕಥೆಯ ಅರ್ಧ ಅವಳದ್ದೇ. ಅವಳ ಪ್ರೀತಿ ಮುರಿದದ್ದು ಜಾತಿಯಿಂದಲ್ಲ, ಅಪ್ಪನ ಸಿಟ್ಟಿನಿಂದಲೂ ಅಲ್ಲ. ಅವಳ ಮನೆ ಬಿಡಿಡಿ ಚಾಳಿನ 160 ಚದರಡಿಯ ಒಂದು ಕೋಣೆ. ಅಣ್ಣನ ಮದುವೆಯಾಗಿ ಕೋಣೆಗೆ ಅಡ್ಡ ಪರದೆ ಬಂತು. ಹುಡುಗ ಇದ್ದದ್ದು ಹೋಟೆಲಿನ ಹುಡುಗರ ಜೊತೆ ಮಾಳಿಗೆಯಲ್ಲಿ. ಬಾಡಿಗೆಯ ಡಿಪಾಸಿಟ್ಟಿಗೆ ದುಡ್ಡು ಸೇರಿಸುತ್ತಾ ಸೇರಿಸುತ್ತಾ ವರ್ಷಗಳು ಹೋದವು, ಮಾತು ಕಡಿಮೆಯಾಯಿತು, ಅಷ್ಟೇ. ಈಗ ಅವಳು ಬೇರೆಯವರನ್ನು ಮದುವೆಯಾಗಿ ಡೊಂಬಿವಲಿಗೆ ಬಂದಿದ್ದಾಳೆ. ಇದೆಲ್ಲ ಗೊತ್ತಿದ್ದೂ ನಾನು ಮನೆಯವರ ವಿರೋಧ ತಂದೆ. ಯಾಕೆಂದರೆ ಊರಿನ ಓದುಗರಿಗೆ ಅದು ಬೇಗ ಅರ್ಥವಾಗುತ್ತದೆ ಅಂತ ನನ್ನ ಲೆಕ್ಕ. ಖಳನಾಯಕನನ್ನು ಊರಿನಿಂದ ಕರೆಸಿಕೊಂಡೆ, ಮುಂಬಯಿಯನ್ನು ನಾಟಕದ ಪರದೆಯ ಹಾಗೆ ಹಿಂದೆ ಕಟ್ಟಿದೆ.

ಈ ತಪ್ಪು ಮಾಡದವರು ನಮ್ಮ ಕಣ್ಣೆದುರೇ ಇದ್ದರು. 1972ರ 'ಪಿಯಾ ಕಾ ಘರ್' ಸಿನಿಮಾದಲ್ಲಿ ಬಾಸು ಚಟರ್ಜಿ ಹೊಸ ಮದುವಣಗಿತ್ತಿಯನ್ನು ತಂದು ಇಳಿಸಿದ್ದು ಜನ ತುಂಬಿದ ಪುಟ್ಟ ಮನೆಗೆ. ಗಂಡ ಹೆಂಡತಿಗೆ ಪ್ರೀತಿ ಇದೆ, ಬಾಗಿಲು ಹಾಕಿಕೊಳ್ಳುವ ಕೋಣೆ ಇಲ್ಲ. ಕಥೆಯೆಲ್ಲ ಅಷ್ಟರಲ್ಲೇ. 1977ರ 'ಘರೌಂದಾ'ದಲ್ಲಿ ಇಬ್ಬರು ಪ್ರೇಮಿಗಳು ಪೈಸೆ ಪೈಸೆ ಕೂಡಿಸಿ ಫ್ಲಾಟಿಗೆ ಕಟ್ಟುತ್ತಾರೆ, ಬಿಲ್ಡರ್ ಮೋಸ ಮಾಡುತ್ತಾನೆ. ಮನೆ ಹೋದ ಮೇಲೆ ಹುಡುಗನ ಮನಸ್ಸು ಎಷ್ಟು ಕೆಳಗಿಳಿಯಬಹುದು ಅಂತ ಆ ಚಿತ್ರ ತೋರಿಸುತ್ತದೆ. ಹಾಗಂತ ನಿಜ ಬರೆಯುವುದೆಂದರೆ ಬರೀ ಗೋಳು ಅಂತಲೂ ಅಲ್ಲ ಕಣ್ರೀ. 1979ರ 'ಬಾತೋಂ ಬಾತೋಂ ಮೇಂ' ಹುಟ್ಟಿದ್ದೇ ಲೋಕಲ್ ರೈಲಿನಲ್ಲಿ. ದಿನಾ ಅದೇ ಹೊತ್ತಿನ ಗಾಡಿ, ಅದೇ ಮುಖ. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಸಮುದ್ರಕ್ಕೆ ಮುಖ ಮಾಡಿ ಊರಿಗೆ ಬೆನ್ನು ಹಾಕಿ ಕೂತ ಜೋಡಿಗಳನ್ನು "ನೀನು ಯಾರ ಮಗಳು?" ಅಂತ ಕೇಳುವವರಿಲ್ಲ. ಈ ಉಪಕಾರವನ್ನು ನನ್ನ ಊರು ನನಗೆ ಎಂದೂ ಮಾಡಲಿಲ್ಲ. ನಗರ ಕಸಿದುಕೊಳ್ಳುವುದನ್ನೂ ಕೊಡುವುದನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು.

ಕನ್ನಡದಲ್ಲಿ ಮುಂಬಯಿಗೆ ಒಳ್ಳೆಯ ಬರಹಗಾರರು ಸಿಕ್ಕಿದ್ದಾರೆ. ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂತು. ಅದು ಪ್ರೇಮ ಕಾದಂಬರಿಯಲ್ಲ, ಆದರೆ ಕಂಪನಿಯ ಒಳಸಂಚಿಗೆ ಸಿಕ್ಕ ನಾಗಪ್ಪನ ಭಯ ಈ ನಗರದ ಗೋಡೆಗಳಿಂದಲೇ ಒಸರುತ್ತದೆ. ವ್ಯಾಸರಾಯ ಬಲ್ಲಾಳರ 'ಬಂಡಾಯ' ಇಲ್ಲಿಯ ದುಡಿಯುವವರ ಜಗತ್ತನ್ನು ಹಿಡಿದು 1986ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಂತೂ ಪ್ರೀತಿ ಇರುವುದೇ ಸಣ್ಣ ಸಣ್ಣ ಪೇಚುಗಳಲ್ಲಿ. ಮದುವೆಯ ಕಾಗದದಲ್ಲಿ ಏನು ಅಚ್ಚು ಹಾಕಿಸಬೇಕು ಅನ್ನುವುದೂ ಅಲ್ಲಿ ಇಬ್ಬರ ಬಾಳಿನ ಪ್ರಶ್ನೆಯಾಗುತ್ತದೆ. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ಆ ಕಥೆಗಳಿಗೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಇವರೆಲ್ಲರಿಂದ ನಾನು ಹೆಸರುಗಳನ್ನು ಮಾತ್ರ ಕಲಿತೆ: ಚರ್ಚ್‌ಗೇಟ್, ದಾದರ್, ವಡಾಪಾವ್. ಕಲಿಯಬೇಕಾಗಿದ್ದದ್ದು ಪೇಚನ್ನು.

ಮಾತಿನಲ್ಲೂ ಇದೇ ಕಥೆ. ನನ್ನ ಹುಡುಗ ಹುಡುಗಿ ಪರಸ್ಪರ ಆಡುವುದು ಮುಂಬಯಿ ಹಿಂದಿ. ಮನೆಯಲ್ಲಿ ಅವಳದು ಮರಾಠಿ, ಇವನದು ತುಳು. ಬರೆಯುವುದು ಮಾತ್ರ ಕನ್ನಡದಲ್ಲಿ. ನಾನು ಅವರ ಬಾಯಿಗೆ "ನಾನು ನಿನ್ನನ್ನು ಪ್ರೀತಿಸುತ್ತೇನೆ" ಅಂತ ಗ್ರಂಥದ ಕನ್ನಡ ತುರುಕಿದೆ. ಈ ಊರಲ್ಲಿ ಹಾಗೆ ಹೇಳುವವರನ್ನು ನಾನು ಕಂಡಿಲ್ಲ. ಗರ್ದಿಯ ಗಾಡಿ ಹತ್ತಿ ಹೋದವಳಿಗೆ ರಾತ್ರಿ ಒಂದು ಫೋನು: "ಮನೆ ಮುಟ್ಟಿದ್ಯಾ?" ಇಷ್ಟೇ. ಆ ಎರಡು ಪದದಲ್ಲಿ ಎಲ್ಲ ಇದೆ. ಇದನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯೇನೂ ಇರಲಿಲ್ಲ, ನಾನು ಕಿವಿ ಕೊಟ್ಟಿರಲಿಲ್ಲ.

ಈಗ ಸರಣಿಯ ಮಾತು. ನಾನು ಹೊರಟದ್ದು ಮೂರು ಕಾದಂಬರಿಗಳಿಗೆ, ಮೂರು ಜೋಡಿ, ಒಂದೇ ನಗರ. ಎರಡನೆಯದರಲ್ಲಿ ಮೊದಲನೆಯದರ ನಾಯಕಿ ಮಾಟುಂಗಾ ಮಾರ್ಕೆಟ್ಟಿನಲ್ಲಿ ಹೂ ಕೊಳ್ಳುತ್ತಾ ಸಿಗುತ್ತಾಳೆ, ನಗುತ್ತಾಳೆ, ಹೋಗುತ್ತಾಳೆ. ಇದನ್ನೇ ಜೋಡಣೆ ಅಂದುಕೊಂಡಿದ್ದೆ. ಇದು ಮದುವೆ ಮನೆಯ ಭೇಟಿ, ಅಷ್ಟೇ. ಆರ್. ಕೆ. ನಾರಾಯಣರ ಮಾಲ್ಗುಡಿ 1935ರಿಂದ ಎಷ್ಟೋ ಕಾದಂಬರಿಗಳನ್ನು ಕೂಡಿಸಿತು. ಆದರೆ ಅದು ಅವರೇ ಕಟ್ಟಿದ ಊರು, ಬೀದಿ ಬೇಕಾದಲ್ಲಿ ತಿರುಗೀತು. ಮುಂಬಯಿ ನನ್ನ ಮಾತು ಕೇಳುವುದಿಲ್ಲ. ಮಾಟುಂಗಾದಲ್ಲಿ ಫಾಸ್ಟ್ ಲೋಕಲ್ ನಿಲ್ಲಿಸಿ ಪ್ರೇಮಿಗಳನ್ನು ಇಳಿಸಿದರೆ ದಿನಾ ಓಡಾಡುವವರು ಪುಸ್ತಕ ಮುಚ್ಚುತ್ತಾರೆ. ಭಾನುವಾರದ ಮೆಗಾಬ್ಲಾಕ್ ಅಂತಾದರೂ ಹೇಳಬೇಕು!

ನಿಜವಾದ ನಗರ ಕಥೆಗಳನ್ನು ಕೂಡಿಸುವುದು ದಿನಾಂಕದಿಂದ ಮತ್ತು ಜಾಗದಿಂದ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಆ ರಾತ್ರಿ ಒಂದು ಕಾದಂಬರಿಯಲ್ಲಿ ಇಬ್ಬರು ಆಫೀಸಿನಲ್ಲೇ ಸಿಕ್ಕಿಬಿದ್ದು ಬೆಳಗಿನ ತನಕ ಮಾತಾಡಿದರೆ, ಇನ್ನೊಂದರಲ್ಲಿ ಅದೇ ನೀರು ಒಬ್ಬಳ ಮನೆಗೆ ನುಗ್ಗಿರಲೇಬೇಕು. ಮೊದಲಿನವರ ಸುಖವನ್ನು ಓದಿದವರು ಎರಡನೆಯದನ್ನು ಅದೇ ಕಣ್ಣಿನಿಂದ ಓದಲಾರರು. 1982ರ ಮುಷ್ಕರದಲ್ಲಿ ಮಿಲ್ಲಿನ ಕೆಲಸ ಕಳೆದುಕೊಂಡ ಅಪ್ಪ ಒಂದು ಪುಸ್ತಕದಲ್ಲಿರಲಿ. ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಎದ್ದ ಮಾಲಿನ ತಂಪಿನಲ್ಲಿ ಕೈ ಹಿಡಿದು ನಡೆಯುವವರು ಇನ್ನೊಂದರಲ್ಲಿರಲಿ. ಒಬ್ಬರು ಬಿಟ್ಟುಹೋದ ಕೋಣೆಗೆ ಮತ್ತೊಬ್ಬರು ಡಿಪಾಸಿಟ್ ಕಟ್ಟಲಿ. ಯಾರೂ ಯಾರಿಗೂ ನಮಸ್ಕಾರ ಹೇಳಬೇಕಾಗಿಲ್ಲ. ಒಂದು ಪುಸ್ತಕದ ನಷ್ಟ ಇನ್ನೊಂದರ ನೆಲೆಯಾದರೆ ಮಾತ್ರ ಅದು ಒಂದೇ ನಗರ, ಇಲ್ಲದಿದ್ದರೆ ಮೂರು ಪುಸ್ತಕಕ್ಕೆ ಒಂದೇ ರಟ್ಟಿನ ಚಿತ್ರ.

ಉಳಿದ ಎರಡನ್ನು ಬದಿಗಿಟ್ಟು ಮೊದಲನೆಯದನ್ನೇ ಮತ್ತೆ ಬರೆಯುತ್ತಿದ್ದೇನೆ. ಫ್ಲಾಟು ತೆಗೆದಿದ್ದೇನೆ. ಮದುವೆ ಇನ್ನೂ ಗೊತ್ತಾಗಿಲ್ಲ. ಮೊನ್ನೆ ರೈಲಿನಲ್ಲಿ ಗೆಳತಿಯನ್ನು ಕೇಳಿದೆ, "ಆದದ್ದನ್ನು ಆದ ಹಾಗೇ ಬರೆಯಲಾ? ನಿನಗೆ ಬೇಜಾರಿಲ್ಲ ತಾನೆ?" ಕುರ್ಲಾ ದಾಟುವವರೆಗೆ ಅವಳು ಮಾತಾಡಲಿಲ್ಲ. ದಾದರಿಗೆ ಇಳಿಯಲು ಎದ್ದು, ಬ್ಯಾಗನ್ನು ಎದೆಗವಚಿಕೊಂಡು ಬಾಗಿಲ ಕಡೆ ಸರಿಯುತ್ತಾ ಹೇಳಿದಳು:

"ಬರಿ. ಆದರೆ ಕೋಣೆ 10 ಅಡಿಗೆ 16 ಅಡಿ. ಅಳತೆ ಸರಿಯಾಗಿ ಬರಿ."