ಗೂಬೆಯ ಪಟ್ಟವೂ ಮತದಾರನ ಬೇಸರವೂ

ಪ್ರಜಾರಾಜ್ಯದಲ್ಲಿ ಪ್ರಜೆಗೆ ಒದಗುವ ಸಂಕಟಗಳು ಎರಡು ಬಗೆ. ಯೋಗ್ಯನೆಂದು ನಂಬಿ ಆರಿಸಿದವನು ಅಯೋಗ್ಯನಾಗಿ ಪರಿಣಮಿಸುವುದು ಒಂದು. ಆರಿಸುವ ದಿನವೇ, ಎದುರಿಗೆ ನಿಂತವರಲ್ಲಿ ಯಾರೊಬ್ಬರೂ ಮನಸ್ಸಿಗೆ ಒಪ್ಪದಿರುವುದು ಇನ್ನೊಂದು. ಮೊದಲನೆಯದು ಮೋಸ, ಎರಡನೆಯದು ಬೇಸರ. ಮೋಸಹೋದವನಿಗೆ ಕೋಪವಾದರೂ ಉಂಟು, ಮುಂದಿನ ಸಲ ನೋಡಿಕೊಳ್ಳುವೆನೆಂಬ ಛಲವೂ ಉಂಟು. ಬೇಸರಪಟ್ಟವನಿಗೆ ಅವೆರಡೂ ಇಲ್ಲ. ಅವನು ಮೆಲ್ಲನೆ ಮನೆಯೊಳಕ್ಕೆ ಸರಿದುಬಿಡುತ್ತಾನೆ. ಆದುದರಿಂದ ಎರಡನೆಯ ಸಂಕಟವೇ ರಾಜ್ಯಕ್ಕೆ ಹೆಚ್ಚು ಹಾನಿಕರವಾದುದು.

ಆಗುಂಬೆಯ ಸೀಮೆಯಲ್ಲಿ ಈ ಬೇಸರದ ಮಾತು ಕೇಳಿಬರುವುದು ಹೆಚ್ಚಾಗಿ ಬೇಸಗೆಯ ಕೊನೆಯಲ್ಲಿ. ವಿಧಾನಸಭೆಯ ಮತದಾನವು 2018ರಲ್ಲಿ ಮೇ 12ರಂದು ನಡೆಯಿತು. 2023ರಲ್ಲಿ ಮೇ 10ರಂದು. ಮಳೆ ಹಿಡಿಯುವುದರೊಳಗೆ ಸೌದೆ ಒಟ್ಟಿ, ಹೆಂಚು ಕೈಯಾಡಿಸಿ, ಜಗಲಿಯ ಮೇಲೆ ಕವಳ ಹಾಕಿಕೊಂಡು ಕುಳಿತವರ ಬಾಯಲ್ಲಿ ಬರುವ ಮಾತು ಒಂದೇ: ಅವನಾದರೂ ಅಷ್ಟೆ, ಇವನಾದರೂ ಅಷ್ಟೆ. ಈ ಊರು ಸೇರಿದ ತೀರ್ಥಹಳ್ಳಿ ಕ್ಷೇತ್ರದಲ್ಲಿ 2008, 2013, 2018, 2023 ಈ ನಾಲ್ಕು ಚುನಾವಣೆಗಳಲ್ಲಿಯೂ ಕಿಮ್ಮನೆ ರತ್ನಾಕರ, ಆರಗ ಜ್ಞಾನೇಂದ್ರ ಎಂಬ ಎರಡು ಹೆಸರುಗಳು ತಪ್ಪಲಿಲ್ಲ. ಮೊದಲೆರಡು ಸಲ ಒಬ್ಬರು ಗೆದ್ದರು, ಕಡೆಯೆರಡು ಸಲ ಇನ್ನೊಬ್ಬರು. ಅವರವರ ಯೋಗ್ಯತೆಯ ತೂಕ ಇಲ್ಲಿ ಪ್ರಸ್ತುತವಲ್ಲ. ಪ್ರಾಯಕ್ಕೆ ಬಂದು ಮೊದಲ ಮತ ಹಾಕಿದ ಹುಡುಗನು ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಕಳುಹಿಸುವ ಹೊತ್ತಿಗೂ ಆಯ್ಕೆಯ ಪಟ್ಟಿ ಅದೇ ಆಗಿದ್ದರೆ, ಅವನಿಗೆ ಆಯ್ಕೆಯಲ್ಲಿ ಉತ್ಸಾಹ ಉಳಿಯುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಇದು ಮಲೆನಾಡಿಗೆ ಮಾತ್ರ ಸೇರಿದ ರೋಗವೂ ಅಲ್ಲ. ಅಮೆರಿಕದಂಥ ಸಂಪನ್ನ ದೇಶದಲ್ಲಿ 2020ರಲ್ಲಿ ಅಧ್ಯಕ್ಷಪದವಿಗೆ ಸೆಣಸಿದ ಬೈಡನ್, ಟ್ರಂಪ್ ಇಬ್ಬರೇ 2024ರಲ್ಲಿಯೂ ಮತ್ತೆ ಎದುರುಬದುರಾಗಿ ನಿಲ್ಲುವಂತಾದಾಗ, ಇಷ್ಟು ದೊಡ್ಡ ದೇಶಕ್ಕೆ ಮೂರನೆಯವನೊಬ್ಬನಿಲ್ಲವೆ ಎಂದು ಅಲ್ಲಿಯ ಜನ ಬಹಿರಂಗವಾಗಿ ಬೇಸರಪಟ್ಟರು. ಆ ವರ್ಷದ ಜುಲೈ ತಿಂಗಳಲ್ಲಿ ಬೈಡನ್ ಹಿಂದೆ ಸರಿದು ಕಮಲಾ ಹ್ಯಾರಿಸ್ ನಿಂತರು, ಗೆದ್ದವರು ಟ್ರಂಪ್. ಇಂತು ಜಗದ್ವ್ಯಾಪಿಯಾದ ಈ ಮನಃಸ್ಥಿತಿಯನ್ನು ಸಾಹಿತ್ಯವು ಹೇಗೆ ಕಂಡಿದೆ, ಕಂಡುದರಲ್ಲಿ ಸತ್ಯವೆಷ್ಟು ಎಂಬುದು ಪ್ರಕೃತ ವಿಚಾರ.

ಪಂಚತಂತ್ರದ ಮೂರನೆಯ ತಂತ್ರವಾದ ಕಾಕೋಲೂಕೀಯದಲ್ಲಿ ಪಕ್ಷಿಗಳ ಚುನಾವಣೆಯ ಕಥೆಯೊಂದಿದೆ. ಕಾಗೆಗೂ ಗೂಬೆಗೂ ಹಗೆ ಹುಟ್ಟಿದುದೇಕೆಂದು ಕೇಳಿದ ತನ್ನ ರಾಜನಿಗೆ ಹಿರಿಯ ಮಂತ್ರಿ ಸ್ಥಿರಜೀವಿ ಇದನ್ನು ಹೇಳುತ್ತಾನೆ. ಬಾಲಬೋಧೆಯೆಂದು ಇದನ್ನು ಶಾಲೆಯ ಹಲಗೆಗೆ ಬಿಟ್ಟುಕೊಟ್ಟಿರುವುದು ದೊಡ್ಡವರ ಪ್ರಮಾದ. ಹಂಸ, ಗಿಳಿ, ಕೋಗಿಲೆ, ನವಿಲು, ಪಾರಿವಾಳ ಮೊದಲಾದ ಹಕ್ಕಿಗಳೆಲ್ಲ ಸಭೆ ಸೇರುತ್ತವೆ. ತಮ್ಮ ರಾಜನಾದ ಗರುಡನು ವಿಷ್ಣುವಿನ ಸೇವೆಯಲ್ಲಿಯೇ ಮುಳುಗಿದ್ದಾನೆ, ಬೇಡರ ಬಲೆಗೆ ದಿನವೂ ಬೀಳುವ ತಮ್ಮನ್ನು ವಿಚಾರಿಸುವುದಿಲ್ಲ, ಇಂಥ ಹೆಸರಿಗಷ್ಟೇ ಒಡೆಯನಿಂದ ಪ್ರಯೋಜನವೇನು ಎಂಬುದು ಅವುಗಳ ದೂರು. ದೂರು ನ್ಯಾಯವಾದುದೇ. ರಾಜಧಾನಿಯಲ್ಲಿದ್ದುಕೊಂಡು ಊರನ್ನು ಮರೆತ ಪ್ರತಿನಿಧಿಯ ಮೇಲೆ ಯಾವ ಊರಿನವರೂ ಹೇಳುವ ಮಾತು ಇದೇ ಅಲ್ಲವೆ? ಹೊಸ ರಾಜನೆಂದು ಗೂಬೆಯನ್ನು ಒಪ್ಪಿ, ತೀರ್ಥಗಳನ್ನು ತರಿಸಿ, ಭದ್ರಾಸನ ಹಾಕಿ, ಇನ್ನೇನು ಅಭಿಷೇಕವಾಗಬೇಕು. ಆಗ ಎಲ್ಲಿಂದಲೋ ಕಾಗೆಯೊಂದು ಅರಚುತ್ತ ಬರುತ್ತದೆ. ನವಿಲು, ಹಂಸ, ಕೋಗಿಲೆಗಳಂಥ ಪ್ರಧಾನರು ಇರುವಾಗ ಹಗಲುಗುರುಡನೂ ಘೋರಮುಖನೂ ಆದ ಇವನಿಗೆ ಪಟ್ಟವೇ? ಕೋಪವಿಲ್ಲದಾಗಲೇ ಇವನ ಮುಖ ಹೀಗೆ, ಕೋಪ ಬಂದರೆ ಹೇಗೋ ಎನ್ನುತ್ತದೆ. ಹಕ್ಕಿಗಳಿಗೆ ಇದು ಸರಿಯೆನಿಸಿ, ಮತ್ತೊಮ್ಮೆ ಸೇರಿ ಯೋಚಿಸೋಣವೆಂದು ಹಾರಿಹೋಗುತ್ತವೆ. ಅಭಿಷೇಕಕ್ಕಾಗಿ ಕಾದು ಕುಳಿತ ಗೂಬೆಗೆ ಸಭೆ ಬರಿದಾದುದು ತಡವಾಗಿ ತಿಳಿಯುತ್ತದೆ. ಅಂದಿನಿಂದ ಹಗೆ.

ಕಥೆಯ ತಾತ್ಪರ್ಯವು ಕೆಟ್ಟ ಮಾತಿನಿಂದ ಹಗೆ ಹುಟ್ಟುತ್ತದೆ ಎಂದು ವ್ಯಾಖ್ಯಾನ ಮಾಡುವುದು ರೂಢಿ. ಕಾಗೆಯೇ ಕೊನೆಗೆ, ನಿಷ್ಕಾರಣವಾಗಿ ಹಗೆ ಕಟ್ಟಿಕೊಂಡೆನೆಂದು ಪಶ್ಚಾತ್ತಾಪಪಡುವುದರಿಂದ ಆ ವ್ಯಾಖ್ಯಾನಕ್ಕೆ ಆಧಾರವೂ ಇದೆ. ಆದರೆ ಕಥೆಯ ನಿಜವಾದ ಮರ್ಮವಿರುವುದು ಕಾಗೆಯ ನಾಲಗೆಯಲ್ಲಿ ಅಲ್ಲ, ಸಭೆಯ ಮೌನದಲ್ಲಿ. ಕಾಗೆಯು ಯೋಗ್ಯರೆಂದು ಯಾವ ಹಂಸವನ್ನೂ ನವಿಲನ್ನೂ ಹೆಸರಿಸಿತೋ, ಅವು ಬೇರೆಲ್ಲೋ ಇದ್ದುವಲ್ಲ. ಆ ಸಭೆಯಲ್ಲಿಯೇ ಕುಳಿತಿದ್ದುವು. ಗೂಬೆಗೆ ಪಟ್ಟವೆಂದಾಗ ಹಂಸವು ಬಾಯಿ ತೆರೆಯಲಿಲ್ಲ. ತನ್ನನ್ನು ನೇಮಿಸಿರೆನ್ನಲು ಸಂಕೋಚವಿದ್ದೀತು. ಇವನು ಬೇಡವೆನ್ನಲು ಏನು ಅಡ್ಡಿಯಿತ್ತು? ಯೋಗ್ಯರು ಇಲ್ಲದುದರಿಂದ ಅಯೋಗ್ಯನಿಗೆ ಪಟ್ಟ ಒದಗಿತೆಂಬುದು ಸುಳ್ಳು. ಯೋಗ್ಯರು ಇದ್ದೂ ಸುಮ್ಮನಿದ್ದುದರಿಂದ ಒದಗಿತು. ಇದನ್ನು ಕಥೆಗಾರನು ಬಿಡಿಸಿ ಹೇಳುವುದಿಲ್ಲ. ಸಭೆಯ ಪಟ್ಟಿಯಲ್ಲಿ ಒಮ್ಮೆ, ಕಾಗೆಯ ಮಾತಿನಲ್ಲಿ ಮತ್ತೊಮ್ಮೆ ಹಂಸದ ಹೆಸರನ್ನಿಟ್ಟು, ನಡುವಣ ಮೌನವನ್ನು ವಾಚಕನಿಗೆ ಬಿಡುತ್ತಾನೆ.

ಕಾಗೆಯ ದೋಷವೂ ಗಮನಾರ್ಹವಾದುದು. ಸಭೆಯ ಮೊದಲಲ್ಲಿ ಅದು ಇರಲಿಲ್ಲ. ಎಲ್ಲ ಸಿದ್ಧವಾದ ಮೇಲೆ ಬಂದಿತು. ಬಂದು ಬೇಡವೆಂದಿತೇ ಹೊರತು, ಬೇಕಾದವನನ್ನು ಪೀಠಕ್ಕೆ ತರುವ ಭಾರವನ್ನು ಹೊರಲಿಲ್ಲ. ಪರಿಣಾಮದಲ್ಲಿ ಗೂಬೆಗೆ ರಾಜ್ಯ ತಪ್ಪಿತು, ಸರಿ. ಬೇಡರ ಬಲೆ ತಪ್ಪಿತೆ? ಹಕ್ಕಿಗಳ ಮೂಲದ ದೂರು ಇದ್ದಲ್ಲಿಯೇ ಉಳಿಯಿತು.

ಈ ಕಾಗೆಯ ಮಾತಿಗೆ ಇಂದಿನ ಮತಯಂತ್ರದಲ್ಲಿ ಒಂದು ಗುಂಡಿಯಿದೆ. 2013ರ ಸೆಪ್ಟೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯವಿತ್ತ ತೀರ್ಪಿನ ಫಲವಾಗಿ ಅಭ್ಯರ್ಥಿಗಳ ಹೆಸರುಗಳ ಕೆಳಗೆ "ಮೇಲಿನ ಯಾರೂ ಅಲ್ಲ" ಎಂಬ ಸಾಲು ಬಂದಿತು; ಜನ ಇದನ್ನು ನೋಟಾ ಎನ್ನುತ್ತಾರೆ. ಕರ್ನಾಟಕದ ಮತದಾರನಿಗೆ ಇದು 2014ರ ಲೋಕಸಭಾ ಚುನಾವಣೆಯಲ್ಲಿಯೂ, 2018ರಿಂದ ವಿಧಾನಸಭೆಯ ಸಾರ್ವತ್ರಿಕ ಚುನಾವಣೆಗಳಲ್ಲಿಯೂ ದೊರೆತಿದೆ. ಒಪ್ಪಿಗೆಯಿಲ್ಲವೆಂಬುದನ್ನು ಗುಟ್ಟು ಬಿಡದೆ ತಿಳಿಸುವ ಹಕ್ಕು ಇದು, ತಳ್ಳಿಹಾಕತಕ್ಕದ್ದಲ್ಲ. ಆದರೆ ಲೋಕಸಭೆ ವಿಧಾನಸಭೆಗಳ ಚುನಾವಣೆಯಲ್ಲಿ ಇದರ ಬಲ ಅಷ್ಟಕ್ಕೇ ನಿಂತಿದೆ: ಎಷ್ಟು ಮತ ಅಲ್ಲಿ ಬಿದ್ದರೂ, ಉಳಿದವರಲ್ಲಿ ಹೆಚ್ಚು ಮತ ಪಡೆದವನೇ ಗೆದ್ದಂತೆ. 2024ರಲ್ಲಿ ಮಧ್ಯಪ್ರದೇಶದ ಇಂದೂರಿನಲ್ಲಿ ಮುಖ್ಯ ಪ್ರತಿಸ್ಪರ್ಧಿಯು ಕಣದಿಂದ ಹಿಂದೆಗೆದುದರಿಂದ, 2 ಲಕ್ಷ 18 ಸಾವಿರಕ್ಕೂ ಮೇಲ್ಪಟ್ಟ ಜನ ಆ ಗುಂಡಿಯನ್ನೊತ್ತಿದರು. ಗೆದ್ದವರ ಅಂತರ 11 ಲಕ್ಷವನ್ನು ಮೀರಿತು. ಪಂಚತಂತ್ರದ ಕಾಗೆ ಅಭಿಷೇಕವನ್ನಾದರೂ ನಿಲ್ಲಿಸಿತು. ಈ ಗುಂಡಿಗೆ ಆ ಶಕ್ತಿಯೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಹುಟ್ಟುತ್ತದೆ. ಇಬ್ಬರೂ ಒಪ್ಪಿಗೆಯಿಲ್ಲವೆಂದ ಮಾತ್ರಕ್ಕೆ ಇಬ್ಬರೂ ಸಮಾನರೇ? ಅಲ್ಲವೆಂಬುದಕ್ಕೆ ಫ್ರಾನ್ಸಿನ ಉದಾಹರಣೆ ಸಾಕು. 2002ರ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಎಡಪಕ್ಷಗಳ ಮತ ಹಲವು ಪಾಲಾಗಿ, ಕಡೆಯ ಸುತ್ತಿಗೆ ಉಳಿದವರು ಶಿರಾಕ್ ಮತ್ತು ಉಗ್ರಪಂಥದ ಲೆ ಪೆನ್. ಶಿರಾಕರನ್ನು ಎಂದೂ ಮೆಚ್ಚದಿದ್ದ ಲಕ್ಷಾಂತರ ಜನ ಮನಸ್ಸು ಗಟ್ಟಿಮಾಡಿಕೊಂಡು ಅವರಿಗೇ ಮತವಿತ್ತುದರಿಂದ ಅವರಿಗೆ ನೂರಕ್ಕೆ 82ರಷ್ಟು ಮತ ಬಂದಿತು. ಮತವೆಂಬುದು ಯಾವಾಗಲೂ ಮೆಚ್ಚಿಕೆಯ ಹೂಮಾಲೆಯಲ್ಲ. ಒಮ್ಮೊಮ್ಮೆ ಮನೆಯ ಬಾಗಿಲಿಗೆ ಹಾಕುವ ಅಗುಳಿ. ಹೆಚ್ಚು ಕೇಡು ಯಾವುದು, ಕಡಿಮೆ ಕೇಡು ಯಾವುದು ಎಂದು ಅಳೆಯುವುದು ವಿವೇಕಿಯ ಕೆಲಸವೇ. ಆದರೆ ಪ್ರತಿ ಐದು ವರ್ಷಕ್ಕೂ ಅಗುಳಿ ಹಾಕುವುದೇ ಕೆಲಸವಾದರೆ, ಆ ಮನೆಯವರು ಹಗಲು ಮಾಡಬೇಕಾದುದೇನನ್ನೋ ಮಾಡುತ್ತಿಲ್ಲವೆಂದೇ ಅರ್ಥ.

ಮಾಡಬೇಕಾದುದೇನು ಎಂಬುದಕ್ಕೆ ಈ ಸೀಮೆಯ ಚರಿತ್ರೆಯಲ್ಲಿಯೇ ಉತ್ತರವಿದೆ. 1951ರ ಏಪ್ರಿಲಿನಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಅಲ್ಲಿಯ ಜಗಳಕ್ಕೆ ಒಂದು ಮುಖ್ಯ ಕಾರಣ ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಒಡೆಯನ ಕೊಳಗವು ವಾಡಿಕೆಯ ಅಳತೆಗಿಂತ ದೊಡ್ಡದೆಂಬುದು ಒಕ್ಕಲುಗಳ ದೂರು. ಗಣಪತಿಯಪ್ಪನವರು ಒಕ್ಕಲುಗಳನ್ನು ಒಗ್ಗೂಡಿಸಿದರು. ಸಮಾಜವಾದಿ ಪಕ್ಷವು ಬೆಂಬಲಕ್ಕೆ ನಿಂತಿತು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಮರುವರ್ಷ, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಆರಗದ ಬಡ ಮನೆತನದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ಸಾಗರ ಹೊಸನಗರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಅಭ್ಯರ್ಥಿಯನ್ನು ಸೋಲಿಸಿ ಮೈಸೂರು ವಿಧಾನಸಭೆಗೆ ಹೋದರು. ಜನ ಅವರಿಗೆ ಮತವನ್ನಲ್ಲದೆ ಕೈಯಲ್ಲಿದ್ದ ಕಾಸನ್ನೂ ಕೊಟ್ಟರೆಂಬುದು ಇಂದಿಗೂ ಸೀಮೆಯ ಮಾತು. ಆ ವರ್ಷದ ಮತದಾರನಿಗೆ ಬೇಸರವಿರಲಿಲ್ಲವೇಕೆ? ಅಭ್ಯರ್ಥಿ ಅವನಿಗೆ ಭಿತ್ತಿಪತ್ರದಿಂದ ಪರಿಚಿತನಾದವನಲ್ಲ. ಕೊಳಗದ ಜಗಳದಲ್ಲಿ, ಗದ್ದೆಯ ಅಂಚಿನಲ್ಲಿ, ಸೆರೆಮನೆಯ ಬಾಗಿಲಲ್ಲಿ ಪರಿಚಿತನಾದವನು. ಮತಪೆಟ್ಟಿಗೆಯು ಅಂಥ ಮನುಷ್ಯನನ್ನು ಹಡೆಯಲಿಲ್ಲ. ಹುಟ್ಟಿ ಬೆಳೆದಿದ್ದವನನ್ನು ಗುರುತಿಸಿತು, ಅಷ್ಟೆ.

ಆದರೆ ಅಂಥವನೂ ಪೀಠದ ಸಮೀಪಕ್ಕೆ ಬಂದ ಮೇಲೆ ಏನಾಗುತ್ತಾನೆ? ಈ ಪ್ರಶ್ನೆಯನ್ನು ತೀರ್ಥಹಳ್ಳಿಯ ಬಳಿಯ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು "ಅವಸ್ಥೆ" ಕಾದಂಬರಿಯಲ್ಲಿ ಎತ್ತಿಕೊಂಡಿದ್ದಾರೆ. ಇದು 1978ರಲ್ಲಿ ಪ್ರಕಟವಾಯಿತು. ಗೋಪಾಲಗೌಡರು ತೀರಿಕೊಂಡು ಆರು ವರ್ಷಗಳಾಗಿದ್ದುವು. ನಾಯಕ ಕೃಷ್ಣಪ್ಪಗೌಡನಲ್ಲಿ ಅವರ ಛಾಯೆಯನ್ನು ಓದುಗರು ಕಂಡಿದ್ದಾರೆ. ದನ ಕಾಯುತ್ತಿದ್ದ ಹುಡುಗ, ರೈತರ ಹೋರಾಟದಿಂದ ಮೇಲೆ ಬಂದು ಶಾಸಕನಾದವನು, ಈಗ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಾನೆ. ಅವನ ಪ್ರಾಮಾಣಿಕತೆಯ ಹೆಸರು ಬೇಕಾದವರು ಮುಖ್ಯಮಂತ್ರಿಯಾಗೆಂದು ಬಂದು ಕಾಡುತ್ತಾರೆ. ಹಿಂದೆ ಕಂತ್ರಾಟುದಾರ ವೀರಣ್ಣನ ಹಣವಿದೆ. ಪಂಚತಂತ್ರದಲ್ಲಿ ಆರಿಸುವವರ ಸಂಕಟ. ಇಲ್ಲಿ ಆರಿಸಿಬಂದವನ ಸಂಕಟ. ಹಂಸವು ಸಭೆಯಲ್ಲಿ ಏಕೆ ಸುಮ್ಮನಿತ್ತು ಎಂಬುದಕ್ಕೆ ಒಂದು ಸಮಾಧಾನ ಇದರಲ್ಲಿ ದೊರೆಯುತ್ತದೆ: ಪೀಠಕ್ಕೆ ಹತ್ತುವ ಮೆಟ್ಟಿಲುಗಳೆಲ್ಲ ಬೇರೆಯವರ ಹಣದಿಂದ ಕಟ್ಟಿದುವಾದರೆ, ಹತ್ತುವವನು ಹಂಸವಾಗಿ ಉಳಿದಾನೆ?

ಕೃಷ್ಣಪ್ಪನ ಅಂತರಂಗವನ್ನು ಬಿಡಿಸುವಲ್ಲಿ ಈ ಕೃತಿಗಿರುವ ಸಾಮರ್ಥ್ಯ ದೊಡ್ಡದು. ತನ್ನ ಕೋಪ, ಅಹಂಕಾರ, ದೇಹದ ಹೇಸಿಗೆಗಳನ್ನು ಅವನು ಮುಚ್ಚಿಕೊಳ್ಳುವುದಿಲ್ಲವಾದುದರಿಂದ ಅವನ ಪ್ರಾಮಾಣಿಕತೆ ನಂಬತಕ್ಕದ್ದಾಗುತ್ತದೆ. ಆದರೆ ಒಂದು ಕೊರತೆಯನ್ನು ಹೇಳದಿರಲಾಗದು. ಇಡೀ ರಾಜಕೀಯವು ಒಬ್ಬ ಮನುಷ್ಯನ ಮನಸ್ಸಿನ ಕನ್ನಡಿಯಲ್ಲಿ ಕಾಣುವುದರಿಂದ, ಅವನನ್ನು ಆರಿಸಿ ಕಳುಹಿಸಿದ ಒಕ್ಕಲುಗಳು ಅವನ ನೆನಪಿನ ಅಂಚಿನಲ್ಲಿ ನಿಲ್ಲುತ್ತಾರೆ. ಇಷ್ಟು ವರ್ಷ ಅವರು ತಮ್ಮ ಪ್ರತಿನಿಧಿಯನ್ನು ಏನು ಕೇಳಿದರು, ಅವನು ತಪ್ಪುವಾಗ ಯಾರು ತಡೆದರು ಎಂಬುದು ತಿಳಿಯುವುದಿಲ್ಲ. ನಾಯಕನೊಬ್ಬನ ಆತ್ಮಶುದ್ಧಿಯೇ ರಾಜ್ಯದ ಉತ್ತರವೆಂಬ ಭಾವನೆಗೆ ಇದರಿಂದ ಎಡೆಯಾಗುತ್ತದೆ. ಮತದಾರನ ಬೇಸರವೂ ಇದೇ ಭಾವನೆಯ ಮರಿ: ಮಹಾಪುರುಷನೊಬ್ಬನು ಬರಬೇಕಾಗಿತ್ತು, ಬರಲಿಲ್ಲ ಎಂದು ಅದು ಮುನಿಯುತ್ತದೆ.

ಕೊನೆಯದಾಗಿ ಮಹಾಭಾರತದ ನಳೋಪಾಖ್ಯಾನವನ್ನು ಇದರೊಡನೆ ಇಟ್ಟು ನೋಡಬಹುದು. ದಮಯಂತಿಯ ಸ್ವಯಂವರದಲ್ಲಿ ಇಂದ್ರ, ಅಗ್ನಿ, ವರುಣ, ಯಮರು ನಳನ ರೂಪವನ್ನೇ ತಾಳಿ ಬಂದಾಗ, ಅವಳೆದುರಿಗೆ ಒಂದೇ ಬಗೆಯ ಐವರು ಕಂಡರು. ಅವನಾದರೂ ಅಷ್ಟೆ, ಇವನಾದರೂ ಅಷ್ಟೆ ಎನ್ನಲು ಅವಳಿಗಿಂತ ಹೆಚ್ಚಿನ ಕಾರಣ ಯಾರಿಗಿದ್ದೀತು? ಅವಳು ಹಾಗೆನ್ನದೆ, ತನ್ನ ಸತ್ಯವನ್ನು ಮುಂದಿಟ್ಟು ಮೊರೆಯಿಟ್ಟಳು. ದೇವತೆಗಳು ತಮ್ಮ ಗುರುತುಗಳನ್ನು ತೋರಿದರು. ಅವರ ಮೈಯಲ್ಲಿ ಬೆವರಿಲ್ಲ, ಮಾಲೆ ಬಾಡಿಲ್ಲ, ಕಾಲು ನೆಲಕ್ಕೆ ತಗುಲಿಲ್ಲ. ಧೂಳು ಮೆತ್ತಿ, ಬೆವರಿ, ನೆಲದ ಮೇಲೆ ನಿಂತಿದ್ದವನು ನಳ. ಅವನಿಗೆ ಮಾಲೆ ಹಾಕಿದಳು. ಅಭ್ಯರ್ಥಿಯ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಲಕ್ಷಣಗಳನ್ನು ಯಾವ ಶಾಸ್ತ್ರವೂ ಹೇಳಲಾರದು.

ಆದರೆ ಅವಳಿಗೆ ಆ ಗುರುತುಗಳನ್ನು ಕೇಳಬೇಕೆಂಬ ಛಲ ಬಂದುದು, ನಳನ ಗುಣಗಳನ್ನು ಬಹಳ ಮೊದಲೇ ಬಲ್ಲವಳಾದುದರಿಂದ. ಅವನ್ನು ತಂದು ಹೇಳಿದ್ದುದು ಹಂಸ. ಪಂಚತಂತ್ರದ ಹಂಸ ಸಭೆಯಲ್ಲಿ ಮೌನವಾಗಿತ್ತು. ನಳಚರಿತೆಯ ಹಂಸ ಸ್ವಯಂವರಕ್ಕೆ ಮೊದಲೇ ಮಾತಾಡಿತು. ಒಂದೆಡೆ ಸಭೆ ಚದುರಿತು, ಇನ್ನೊಂದೆಡೆ ಮಾಲೆ ಸಲ್ಲತಕ್ಕವನಿಗೆ ಸಂದಿತು. ವಿದ್ಯಾವಂತರ ಮನೆಗಳಲ್ಲಿ ಚುನಾವಣೆಯ ವಾರ ಮಾತ್ರ ಕಾಗೆಯ ಕೂಗು ಕೇಳಿ, ಉಳಿದ ಐದು ವರ್ಷವೂ ಹಂಸದ ಮೌನವಿದ್ದರೆ, ಆಗುಂಬೆಯ ಜಗಲಿಯ ಮಾತು ಮುಂದಿನ ಬೇಸಗೆಯಲ್ಲಿಯೂ ಬದಲಾಗದು. ಊರಿನ ಪಂಚಾಯಿತಿಯಲ್ಲಿ, ಸಹಕಾರ ಸಂಘದಲ್ಲಿ, ಶಾಲೆಯ ಸಮಿತಿಯಲ್ಲಿ ಕಾಲು ನೆಲಕ್ಕೆ ತಗುಲಿದ, ಬೆವರುವ ಮನುಷ್ಯನೊಬ್ಬನು ಇಂದೇ ದುಡಿಯುತ್ತಿರಬಹುದು. ಅವನ ಹೆಸರನ್ನು ಅಭಿಷೇಕದ ನೀರು ತರುವ ಮೊದಲೇ ಹೇಳತಕ್ಕದ್ದು.