ಪಠ್ಯವ್ಯಾಕರಣದ ರೂಪಾಂತರ: ಡಿಟಿಡಿಯಿಂದ ರಿಲ್ಯಾಕ್ಸ್ ಎನ್‌ಜಿಗೆ

ಮಾನವಿಕ ಪಠ್ಯಗಳ ಸಂಕೇತನಕ್ಕೆಂದು ರೂಪಿತವಾದ ಟಿಇಐ ಮಾರ್ಗಸೂಚಿಗಳ ಪಿ4 ಆವೃತ್ತಿ (2002) ಡಿಟಿಡಿಯನ್ನು ಆಧರಿಸಿತ್ತು. 2007ರ ಪಿ5 ತನ್ನ ಘಟಕಗಳ ರಚನೆಯನ್ನು ರಿಲ್ಯಾಕ್ಸ್ ಎನ್‌ಜಿಯಲ್ಲಿ ನಿರೂಪಿಸಿತು. ಈ ಸ್ಥಿತ್ಯಂತರವನ್ನು ಬರಿಯ ಲಿಪ್ಯಂತರವೆಂದು ಭಾವಿಸುವುದು ಸಾಧುವಲ್ಲ.

ಜೇಮ್ಸ್ ಕ್ಲಾರ್ಕ್ ಅವರ ಟ್ರ್ಯಾಂಗ್ ಉಪಕರಣವು ಇಂತಹ ಪರಿವರ್ತನೆಯನ್ನು ತಾನಾಗಿ ನೆರವೇರಿಸುತ್ತದೆ. ಪ್ಯಾರಾಮೀಟರ್ ಎಂಟಿಟಿಗಳನ್ನು ಕರಗಿಸಿಬಿಡದೆ ಹೆಸರುಳ್ಳ ವಿನ್ಯಾಸಗಳಾಗಿ ಉಳಿಸುವುದು ಅದರ ಹೆಚ್ಚುಗಾರಿಕೆ. ಮೂಲಕಾರರ ವರ್ಗೀಕರಣ ಹಾಗೆ ಉಳಿಯುತ್ತದೆ. ಆದರೆ ಮೂಲದಲ್ಲಿಲ್ಲದುದನ್ನು ಉಪಕರಣ ಊಹಿಸಲಾರದು. ಡಿಟಿಡಿಯಲ್ಲಿ ಒಂದು ಹೆಸರಿನ ಘಟಕಕ್ಕೆ ಎಲ್ಲೆಡೆ ಒಂದೇ ರಚನೆ. ರಿಲ್ಯಾಕ್ಸ್ ಎನ್‌ಜಿಯಲ್ಲಿ ಅದು ಸಂದರ್ಭಾನುಸಾರ ಬದಲಾಗಬಹುದು. ಯಾಂತ್ರಿಕ ಪರಿವರ್ತನೆ ಹಳೆಯ ಮಿತಿಯನ್ನೇ ಹೊಸ ನಿಯಮವಾಗಿಸುತ್ತದೆ. ಅಕ್ಷರಗಳಿಗೆ ಹೆಸರಿಡುವ ಎಂಟಿಟಿ ಘೋಷಣೆಗಳಿಗಂತೂ ಹೊಸ ಭಾಷೆಯಲ್ಲಿ ಎಡೆಯೇ ಇಲ್ಲ.

ಬಹುಭಾಷಿಕ ದಾಖಲೆಗಳಲ್ಲಿ ಇದರ ಪರಿಣಾಮ ಗುರುತರವಾದುದು. ಪಿ4ರ ‘ಲ್ಯಾಂಗ್’ ಗುಣವು ಶಿರೋಭಾಗದ ಭಾಷಾಘೋಷಣೆಯನ್ನು ಸೂಚಿಸುವ ಕೊಂಡಿ ಮಾತ್ರ; ಪಿ5ರಲ್ಲಿ ಅದರ ಸ್ಥಾನಕ್ಕೆ ಬಂದ ‘ಎಕ್ಸ್‌ಎಂಎಲ್:ಲ್ಯಾಂಗ್’ ಪ್ರಮಾಣಿತ ಭಾಷಾಸಂಕೇತವನ್ನೇ ನೇರವಾಗಿ ಕೇಳುತ್ತದೆ. ಕನ್ನಡ, ತುಳು, ಮಲಯಾಳಂ ಬೆರೆತ ಕಾಸರಗೋಡಿನ ದಾಖಲೆಯಲ್ಲಾಗಲಿ ನೀಲಗಿರಿಯ ಬಡಗ ಪಠ್ಯದಲ್ಲಾಗಲಿ, ಯಾವ ವಾಕ್ಯ ಯಾವ ಭಾಷೆಯದೆಂಬ ನಿರ್ಣಯ ಸಂಪಾದಕರದು. ತುಳುವಿಗೂ ಬಡಗಕ್ಕೂ ಪ್ರತ್ಯೇಕ ಐಎಸ್‌ಒ ಸಂಕೇತಗಳಿವೆ. ಆದರೂ ಎಲ್ಲವನ್ನೂ ಕನ್ನಡವೆಂದೇ ಗುರುತಿಸಿದರೆ ಸ್ಕೀಮಾ ಆಕ್ಷೇಪಿಸದು, ಕಡತ ಸಿಂಧುವೆಂದೇ ತೇರ್ಗಡೆಯಾಗುತ್ತದೆ. ಅಲ್ಪಸಂಖ್ಯಾತ ಭಾಷೆಯೊಂದು ಹೀಗೆ ಸದ್ದಿಲ್ಲದೆ ದಾಖಲೆಯಿಂದ ಮರೆಯಾಗಬಹುದು. ಆದುದರಿಂದ ಪರಿವರ್ತಿತ ಸ್ಕೀಮಾವನ್ನು ಕರಡೆಂದೇ ಪರಿಗಣಿಸಿ, ಭಾಷಾಗುರುತುಗಳನ್ನು ಮೂಲಪಠ್ಯದೊಡನೆ ಮತ್ತೊಮ್ಮೆ ತಾಳೆನೋಡುವುದು ಗ್ರಂಥಸಂಪಾದನೆಯ ಅಂಗವಾಗಬೇಕು.