ಎರಡು ಮಳವಳ್ಳಿಗಳೂ ಗ್ರಂಥಾಲಯ ಶಿಕ್ಷಣವೂ

ಮಂಡ್ಯದ ಕಾಲೇಜಿನಲ್ಲಿ ಶಾಸನಸಾಹಿತ್ಯವನ್ನು ಓದತಕ್ಕ ವಿದ್ಯಾರ್ಥಿಗೆ ‘ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 7, ಮಳವಳ್ಳಿ’ ಎಂಬ ಉಲ್ಲೇಖವೊಂದು ದೊರೆಯಿತೆಂದಿಟ್ಟುಕೊಂಡರೆ, ಆತನು ಅದನ್ನು ತನ್ನ ನೆರೆಯ ತಾಲ್ಲೂಕಿನದೆಂದೇ ಎಣಿಸುವುದು ಸಹಜ. ಆದರೆ ಬಿ. ಎಲ್. ರೈಸರು 1902ರಲ್ಲಿ ಪ್ರಕಟಿಸಿದ 7ನೆಯ ಸಂಪುಟವು ಶಿವಮೊಗ್ಗ ಜಿಲ್ಲೆಗೆ ಸೇರಿದುದು. ಚುಟುಕುಲದ ಸಾತಕರ್ಣಿಯ ಮತ್ತು ಕದಂಬರ ಪ್ರಾಕೃತ ಶಾಸನಗಳುಳ್ಳ ಪ್ರಸಿದ್ಧವಾದ ಕಂಬವಿರುವುದು ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯವು 1979ರಲ್ಲಿ ಹೊರತಂದ ಪರಿಷ್ಕೃತ 7ನೆಯ ಸಂಪುಟದಲ್ಲಾದರೋ ಮಂಡ್ಯ, ಮದ್ದೂರು, ಮಳವಳ್ಳಿಗಳ ಶಾಸನಗಳೇ ಇವೆ. ಹೀಗೆ ಊರಿನ ಹೆಸರೂ ಒಂದೇ, ಸಂಪುಟದ ಅಂಕೆಯೂ ಒಂದೇ; ವಸ್ತು ಮಾತ್ರ ಬೇರೆ.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ತಕ್ಕೋಲದ ಯುದ್ಧವನ್ನೂ ಮಣಲೇರನ ಬೇಟೆನಾಯಿಯನ್ನೂ ಸ್ಮರಿಸುವ ಕ್ರಿ. ಶ. 949-50ರ ಶಾಸನವು ರೈಸರ 1894ರ 3ನೆಯ ಸಂಪುಟದಲ್ಲಿ ಮಂಡ್ಯ ತಾಲ್ಲೂಕಿನ 41ನೆಯದಾಗಿ ಅಚ್ಚಾಗಿದೆ. ಶಿಲೆಯು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಆ ಹಳೆಯ ಸಂಪುಟದಲ್ಲಿ ಮದ್ದೂರೆಂಬ ವಿಭಾಗವನ್ನೇ ಅರಸುವವನಿಗೆ ಅದು ಕಾಣದು. ಆದುದರಿಂದ ವಿದ್ಯಾರ್ಥಿಯು ತನ್ನ ನಾಡಿಗೆ ಇಲ್ಲದ ಕೀರ್ತಿಯನ್ನು ತಂದು, ಇರುವ ಕೀರ್ತಿಯನ್ನು ಕಳೆದಾನು.

ಇದು ಪರಿಷ್ಕರ್ತರ ದೋಷವಲ್ಲ. 1939ರಲ್ಲಿ ಮಂಡ್ಯ ಜಿಲ್ಲೆಯು ಬೇರೆಯಾದ ಮೇಲೆ ಸಂಪುಟಗಳನ್ನು ಹೊಸದಾಗಿ ವಿಂಗಡಿಸಿದುದು ಯುಕ್ತವೇ ಸರಿ. ದೋಷವಿರುವುದು, ವರ್ಷಾರಂಭದಲ್ಲಿ ಕಪಾಟುಗಳನ್ನೂ ಸೂಚಿಯನ್ನೂ ಒಮ್ಮೆ ತೋರಿಸಿದರೆ ಗ್ರಂಥಾಲಯ ಶಿಕ್ಷಣವು ಮುಗಿಯಿತೆಂಬ ಭಾವನೆಯಲ್ಲಿ. ಪುಸ್ತಕವಿರುವ ಸ್ಥಳವನ್ನು ಅರಿಯುವುದು ಬೇರೆ, ಪುಸ್ತಕದ ಮಾತಿಗಿರುವ ಬೆಲೆಯನ್ನು ಅರಿಯುವುದು ಬೇರೆ.

ಗ್ರಂಥಗಳೆಲ್ಲವೂ ಗಣಕಯಂತ್ರದಲ್ಲಿ ದೊರೆಯುವಾಗ, ಕೇಳಿದುದಕ್ಕೆ ಯಂತ್ರವೇ ಉತ್ತರವೀಯುವಾಗ, ಈ ಶಿಕ್ಷಣವು ಇನ್ನೇಕೆ ಎಂಬ ಆಕ್ಷೇಪವುಂಟು. ಆದರೆ ಅಕ್ಷರಸಾಮ್ಯವನ್ನು ನೆಚ್ಚಿದ ಹುಡುಕಾಟಕ್ಕೆ ಎರಡು ಮಳವಳ್ಳಿಗಳೂ ಒಂದೇ. ಉತ್ತರವು ಎಷ್ಟು ಶೀಘ್ರವಾಗಿ ಬಂದೀತೋ ತಪ್ಪೂ ಅಷ್ಟೇ ಶೀಘ್ರವಾಗಿ ಹಬ್ಬೀತು. ಓದುಗನ ಕಾಲವನ್ನು ಉಳಿಸಬೇಕೆಂಬುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ವಿಧಿಸಿದ ಸೂತ್ರಗಳಲ್ಲಿ ನಾಲ್ಕನೆಯದು; ಓದುಗನ ವಿಚಾರವನ್ನೇ ಉಳಿತಾಯ ಮಾಡಬೇಕೆಂದು ಅದರ ಅರ್ಥವಲ್ಲ.

ಆದಕಾರಣ ಈ ಶಿಕ್ಷಣವು ಪಾಠದಿಂದ ಬೇರೆಯಾಗಿರಬಾರದು. ಅಧ್ಯಾಪಕರೂ ಗ್ರಂಥಪಾಲಕರೂ ಕೂಡಿ ಒಂದೇ ಶಾಸನವನ್ನು ಎರಡು ಆವೃತ್ತಿಗಳಲ್ಲಿಯೂ ತೆಗೆಯಿಸಿ, ಆವೃತ್ತಿ, ವರ್ಷ, ಜಿಲ್ಲೆ, ತಾಲ್ಲೂಕು, ಸಂಖ್ಯೆಗಳನ್ನು ಬರೆಯಿಸಿ, ಪಾಠಗಳನ್ನು ಹೋಲಿಸಿ ನೋಡುವಂತೆ ಮಾಡಬೇಕು. ಪರೀಕ್ಷೆಯಲ್ಲಿ ಅದಕ್ಕೂ ಗುಣಗಳು ಸಲ್ಲಬೇಕು. ಹೀಗೆ ಪಳಗಿದ ವಿದ್ಯಾರ್ಥಿಯು ಮುಂದೆ ಯಾವ ಸಾಧನವನ್ನು ಕೈಗೆತ್ತಿಕೊಂಡರೂ ‘ಇದು ಯಾವ ಮಳವಳ್ಳಿ?’ ಎಂದು ಮೊದಲು ಕೇಳುವನು. ಆ ಪ್ರಶ್ನೆಯನ್ನು ಕಲಿಸದ ಗ್ರಂಥಾಲಯವು ಎಷ್ಟು ದೊಡ್ಡದಾದರೂ ಉಗ್ರಾಣವೇ ಸರಿ.